ಬಿ.ಎಡ್. ಇಂಟರ್ನ್‌ಶಿಪ್‌ಗೆ ಪೊಲೀಸ್ ಸರ್ಟಿಫಿಕೇಟ್ ಬೇಕಂತೆ. ಕಾಸರಗೋಡಿನವರು ಎಲ್ಲಿ ಮಾಡಿಸಿದ್ದೀರಿ?

ಬೆಳಗಿನ ಪ್ಯಾಸೆಂಜರ್ — ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಮಂಜೇಶ್ವರ ತಾಲೂಕಿನಲ್ಲಿ. ಬಿ.ಎಡ್. ಓದುವುದು ಮಂಗಳೂರಿನಲ್ಲಿ. ಮೊದಲ ವರ್ಷ ಹಾಸ್ಟೆಲ್‌ನಲ್ಲಿದ್ದೆ, ಈಗ ದಿನಾ ಟ್ರೈನು. ಎರಡನೇ ವರ್ಷದ 16 ವಾರದ ಇಂಟರ್ನ್‌ಶಿಪ್ ಶುರುವಾಗಲಿಕ್ಕೆ ಇನ್ನು 23 ದಿನ ಉಂಟು. ಮನೆ ಹತ್ತಿರದ ಕನ್ನಡ ಮೀಡಿಯಂ ಶಾಲೆಯಲ್ಲೇ ಮಾಡುತ್ತೇನೆಂದು ಕಾಲೇಜಿನಲ್ಲಿ ಕಾಡಿ ಬೇಡಿ ಒಪ್ಪಿಸಿದೆ.

ಇವತ್ತು ಆ ಶಾಲೆಗೆ ಕಾಲೇಜಿನ ಪತ್ರ ಹಿಡಿದುಕೊಂಡು ಹೋದೆ. ಹೆಡ್ ಮಾಸ್ಟ್ರು ಒಳ್ಳೆಯವರು, ಚಹಾ ಕೊಟ್ಟರು. ಆಮೇಲೆ ಹೇಳಿದರು, “ಪೊಲೀಸ್ ಸರ್ಟಿಫಿಕೇಟ್ ತಂದು ಕೊಡಿ. ಅದಿಲ್ಲದೆ ಕ್ಲಾಸಿಗೆ ಬಿಡಲಿಕ್ಕಾಗುವುದಿಲ್ಲ.” ಕಾಲೇಜಿಗೆ ಫೋನ್ ಮಾಡಿದರೆ, “ನಮ್ಮಲ್ಲಿ ಈವರೆಗೆ ಯಾರೂ ಕೇಳಿದ್ದಿಲ್ಲ, ನೀವೇ ನೋಡಿಕೊಳ್ಳಿ” ಅಂದರು.

ಮನೆ ಕೇರಳ, ಕಾಲೇಜು ಕರ್ನಾಟಕ. ನಾನು ಯಾವ ಪೊಲೀಸರ ಹತ್ತಿರ ಹೋಗಬೇಕು? ನಮ್ಮ ಮನೆಯಲ್ಲಿ ಠಾಣೆ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ವಿಷಯ ಕೇಳಿ ಅಜ್ಜಿ “ನೀನು ಎಂತ ಮಾಡಿದ್ದೀ ಮಗಾ?” ಎಂದು ಗಾಬರಿಯಾಗಿ ಕೂತಿದ್ದಾರೆ.

ಚಂದ್ರಗಿರಿ ದಡ — ಸೋಮವಾರ, ರಾತ್ರಿ 9:30

ತಲೆಬಿಸಿ ಯಾಕೆ? ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ ಪಿಸಿಸಿಗೆ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಹಾಕಿ. ನನ್ನ ಭಾವ ದುಬೈಗೆ ಹೋಗುವಾಗ ಹಾಗೇ ಮಾಡಿಸಿದ್ದು. ಸೆಂಟ್ರಲ್ ಗವರ್ನ್‌ಮೆಂಟಿನದ್ದು, ಎಲ್ಲಿ ಬೇಕಾದರೂ ನಡೆಯುತ್ತದೆ.

ಅಕ್ಷಯಕ್ಕ — ಸೋಮವಾರ, ರಾತ್ರಿ 9:58

ಚಂದ್ರಗಿರಿ ಅಣ್ಣ, ದಯವಿಟ್ಟು ಆ ದಾರಿ ತೋರಿಸಬೇಡಿ. ನಾನು ಅಕ್ಷಯ ಕೇಂದ್ರದಲ್ಲಿ, ಅಂದರೆ ಕೇರಳದಲ್ಲಿ ಜನರ ಸರಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಕೇಂದ್ರದಲ್ಲಿ, ಕೂತು ವರ್ಷ ಹನ್ನೊಂದಾಯಿತು. ಹೀಗೆ ತಪ್ಪು ಅರ್ಜಿ ಹಾಕಿ ದುಡ್ಡು, ದಿನ ಎರಡೂ ಕಳೆದುಕೊಂಡು ಬಂದವರನ್ನು ಎಷ್ಟೋ ನೋಡಿದ್ದೇನೆ. ಪಾಸ್‌ಪೋರ್ಟ್ ಆಫೀಸಿನ ಪಿಸಿಸಿ ಹೊರದೇಶಕ್ಕೆ ಹೋಗುವವರಿಗೆ. ಯಾವ ದೇಶ ಎಂದು ಅಲ್ಲಿ ಕೇಳುತ್ತಾರೆ. ತಂಗಿ ಎಂತ ಬರೆಯಬೇಕು, ಮಂಜೇಶ್ವರ ಎಂದಾ? ಪಾಸ್‌ಪೋರ್ಟೇ ಇಲ್ಲದವರಿಗಂತೂ ಆ ಬಾಗಿಲೇ ಇಲ್ಲ.

ತಂಗೀ, ನಿಮ್ಮದು ಕೇರಳದ ವಿಳಾಸ, ಶಾಲೆಯೂ ಕೇರಳದ್ದು. ಹಾಗಾಗಿ ಕೇರಳ ಪೊಲೀಸರೇ. ಅವರಲ್ಲಿ ಇದಕ್ಕೆ ಹೆಸರು ಬೇರೆ. “ಅಪರಾಧಗಳಲ್ಲಿ ಭಾಗಿಯಾಗಿಲ್ಲ” ಎಂಬ ಸರ್ಟಿಫಿಕೇಟ್. ಮೊದಲು ಗುಡ್ ಕಂಡಕ್ಟ್ ಎಂದು ಏನೇನೋ ಹೇಳುತ್ತಿದ್ದರು. ಒಬ್ಬ ಮನುಷ್ಯ ಒಳ್ಳೆಯವನು ಎಂದು ಪೊಲೀಸರು ಹೇಗೆ ಬರೆದುಕೊಡುವುದು ಅಲ್ವಾ? ನಮ್ಮ ದಾಖಲೆಯಲ್ಲಿ ಇವರ ಮೇಲೆ ಕೇಸಿಲ್ಲ, ಅಷ್ಟು ಬರೆಯಬಹುದು.

ಅರ್ಜಿ ಹಾಕುವುದು ‘ತುಣ’ ಪೋರ್ಟಲ್‌ನಲ್ಲಿ. ತುಣ ಅಂದರೆ ಮಲಯಾಳಂನಲ್ಲಿ ಆಸರೆ. ಫೋನಿನಲ್ಲೇ ಮಾಡುವುದಾದರೆ ಕೇರಳ ಪೊಲೀಸರ ‘ಪೋಲ್ ಆಪ್’ ಉಂಟು. ಆಧಾರ್, ಫೋಟೋ, ಯಾಕೆ ಬೇಕೆಂಬ ಕಾರಣ, ಇಷ್ಟು ಸಿದ್ಧ ಇಟ್ಟುಕೊಳ್ಳಿ. ಕಾರಣ ಬರೆಯುವ ಜಾಗದಲ್ಲಿ ಸುಮ್ನೆ “ಜಾಬ್” ಎಂದು ಹಾಕಬೇಡಿ. ಶಾಲೆಯಲ್ಲಿ ಬಿ.ಎಡ್. ಇಂಟರ್ನ್‌ಶಿಪ್ ಎಂದು ಸ್ಪಷ್ಟ ಬರೆಯಿರಿ, ಕಾಲೇಜಿನ ಪತ್ರ ಜೊತೆಗಿಡಿ. ವಿಚಾರಣೆ ನಿಮ್ಮ ಠಾಣೆಯಿಂದ ಬರುತ್ತದೆ. ಫೀಸು ಪೋರ್ಟಲ್‌ನಲ್ಲಿ ಕಾಣುವಷ್ಟೇ ಕಟ್ಟಿ, ಯಾರೋ ಹೇಳಿದ ಲೆಕ್ಕ ಬೇಡ.

ನಾಳೆಯೇ ಹಾಕಿ. 23 ದಿನ ಜಾಸ್ತಿ ಅನಿಸುತ್ತದೆ, ಜಾಸ್ತಿ ಅಲ್ಲ.

ತೊಕ್ಕೊಟ್ಟು ಜಂಕ್ಷನ್ — ಸೋಮವಾರ, ರಾತ್ರಿ 10:15

ಒಂದು ವರ್ಷ ಮಂಗಳೂರಿನಲ್ಲಿ ಹಾಸ್ಟೆಲ್ ಅಂದಿರಲ್ಲ? ಆ ಅವಧಿಯದ್ದೂ ಬೇಕು ಎಂದು ಶಾಲೆಯವರು ಪಟ್ಟು ಹಿಡಿದರೆ ಕರ್ನಾಟಕದ್ದು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕು. ಆದರೆ ನೀವಾಗಿ ಮೈಮೇಲೆ ಎಳೆದುಕೊಳ್ಳಬೇಡಿ. ಹೆಡ್ ಮಾಸ್ಟ್ರಿಗೆ “ಒಂದು ವರ್ಷ ಹಾಸ್ಟೆಲ್‌ನಲ್ಲಿದ್ದೆ, ಕೇರಳದ್ದು ಸಾಕಾ?” ಎಂದು ಕೇಳಿ. ಉತ್ತರ ವಾಟ್ಸಾಪ್‌ನಲ್ಲಾದರೂ ಬರಹದಲ್ಲಿರಲಿ.

ಎಂತ ಅವಸರ — ಮಂಗಳವಾರ, ಬೆಳಗ್ಗೆ 7:05

ನನಗೊಂದು ಅರ್ಥ ಆಗುವುದಿಲ್ಲ. ಪಾಠ ಹೇಳಿಕೊಡಲಿಕ್ಕೆ ಹೋಗುವವರನ್ನು ಕಳ್ಳರ ಹಾಗೆ ಯಾಕೆ ನೋಡುವುದು? ಸಂಬಳ ಇಲ್ಲ, ಹೋಗಿ ಬರುವ ಬಸ್ ಚಾರ್ಜ್ ಕೈಯಿಂದ. ಅದರ ಮೇಲೆ ನಿರಪರಾಧಿ ಎಂದು ನಾವೇ ದುಡ್ಡು ಕೊಟ್ಟು ಬರೆಸಿಕೊಂಡು ಬರಬೇಕಾ?

ನನ್ನ ಕಥೆ ಕೇಳಿ. ನಾನು ಡಿ.ಎಲ್.ಎಡ್. (ಪ್ರೈಮರಿ ಟೀಚರ್ ತರಬೇತಿ) ಸೀಟಿಗೆ ಕಾಯುತ್ತಿದ್ದೇನೆ. ಕನ್ನಡ ಬಾರದ ಟೀಚರನ್ನು ಕನ್ನಡ ಶಾಲೆಗೆ ಹಾಕಿದಾಗ ನಾವೊಂದಷ್ಟು ಜನ ರಸ್ತೆಯಲ್ಲಿ ಕೂತಿದ್ದೆವು. ದಾರಿ ತಡೆದದ್ದಕ್ಕೆ ಕೇಸಾಯಿತು. ಅದು ಇನ್ನೂ ಮುಗಿದಿಲ್ಲ. ಮಕ್ಕಳಿಗೆ ಅವರ ಭಾಷೆಯಲ್ಲಿ ಪಾಠ ಸಿಗಲಿ ಎಂದು ಕೂತವನು ನಾನು. ಈಗ ಅದೇ ಕಾರಣಕ್ಕೆ ಮಕ್ಕಳ ಹತ್ತಿರ ಹೋಗಲಿಕ್ಕೆ ಯೋಗ್ಯನಲ್ಲ ಎಂದಾಗುತ್ತದಾ?

ಚಂದ್ರಗಿರಿ ದಡ — ಮಂಗಳವಾರ, ಬೆಳಗ್ಗೆ 7:40

ಅಕ್ಷಯಕ್ಕ, ತಪ್ಪಾಯಿತು. ನಾನು ಗಲ್ಫ್ ಲೆಕ್ಕದಲ್ಲೇ ಹೇಳಿದ್ದು. ನಮ್ಮೂರಲ್ಲಿ ಪೊಲೀಸ್ ಕಾಗದ ಅಂದರೆ ವೀಸಾ ಅಂತಲೇ ತಲೆಗೆ ಬರುವುದು 😀

ಗಡಿನಾಡು ಟೀಚರ್ — ಮಂಗಳವಾರ, ಸಂಜೆ 5:20

ಶಾಲೆ ಬಿಟ್ಟ ಮೇಲೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ನಾನು 26 ವರ್ಷ ಸರ್ವಿಸ್ ಆದವಳು. ಬಿ.ಎಡ್., ಡಿ.ಎಲ್.ಎಡ್. ಮಕ್ಕಳು ನಮ್ಮಲ್ಲಿಗೆ ಪ್ರತಿ ವರ್ಷ ಬರುತ್ತಾರೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ 2012ರದ್ದು ಎಂದು ಎಲ್ಲರಿಗೂ ಗೊತ್ತು. 2020ರ ಮಾರ್ಚ್‌ನಲ್ಲಿ ಅದಕ್ಕೆ ಹೊಸ ನಿಯಮಗಳು ಬಂದದ್ದು ಎಷ್ಟೋ ಜನರಿಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಅದೇ ತಿಂಗಳು ಕೊರೊನಾಕ್ಕೆ ಶಾಲೆಗಳು ಮುಚ್ಚಿದವು. ಆ ನಿಯಮಗಳಲ್ಲಿ ಮೂರನೆಯದು ನಮ್ಮ ವಿಷಯ. ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ, ಮಕ್ಕಳು ಬಂದು ಹೋಗುವ ಬೇರೆ ಯಾವುದೇ ಜಾಗ ಇರಲಿ, ಅಲ್ಲಿನ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಬೇಕು. ಪಾಠ ಮಾಡುವವರೂ ಸರಿ, ಮಾಡದವರೂ ಸರಿ. ಪರ್ಮನೆಂಟ್, ಕಾಂಟ್ರಾಕ್ಟ್ ಎಂಬ ಭೇದ ಇಲ್ಲ. ಒಂದು ಸಲ ಮಾಡಿದರೆ ಮುಗಿಯುವುದೂ ಇಲ್ಲ, ಆಗಾಗ ಮಾಡಬೇಕು. ಮಕ್ಕಳ ಸುರಕ್ಷತೆ ಬಗ್ಗೆ ಅವರಿಗೆ ತರಬೇತಿಯನ್ನೂ ಆಗಾಗ ಕೊಡಬೇಕು.

ಈಗ ಅವಸರದವರಿಗೆ ಖುಷಿಯಾಗುವ ಮಾತು ಹೇಳುತ್ತೇನೆ. ಆ ನಿಯಮದ ಅಕ್ಷರ ಹಿಡಿದರೆ ಅದು ಸಂಸ್ಥೆಯ ನೌಕರರ ಬಗ್ಗೆ. ಇಂಟರ್ನ್‌ಶಿಪ್ ವಿದ್ಯಾರ್ಥಿ ನೌಕರ ಅಲ್ಲ. ಆದ್ದರಿಂದ “ನಮಗೆ ಅನ್ವಯಿಸುವುದಿಲ್ಲ” ಎಂದು ವಾದ ಮಾಡಲಿಕ್ಕೆ ಜಾಗ ಉಂಟು. ಆದರೆ ಹೆಡ್ ಮಾಸ್ಟ್ರ ಕುರ್ಚಿಯಲ್ಲಿ ಕೂತು ನೋಡಿ. ಕಸ ಗುಡಿಸುವ ಅಮ್ಮನ ಕಾಗದ ತೆಗೆದಿಟ್ಟಿದ್ದಾರೆ. ಮಧ್ಯಾಹ್ನದ ಊಟ ಬೇಯಿಸುವವರದ್ದೂ ಉಂಟು. ಹದಿನಾರು ವಾರ ದಿನಾ ಕ್ಲಾಸಿನಲ್ಲಿ ಇರುವ ಹೊರಗಿನವರದ್ದು ಮಾತ್ರ ಇಲ್ಲ ಎಂದರೆ, ನಾಳೆ ತಂದೆತಾಯಿ ಕೇಳುವಾಗ ಅವರು ಎಂತ ಹೇಳುವುದು? ಆ ಮನುಷ್ಯ ಕೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಕೇಳದ ಶಾಲೆಗಳ ಮೇಲೆಯೇ ನನಗೆ ಸಿಟ್ಟು.

ಇನ್ನು ನಿಮ್ಮ ಕೇಸಿನ ವಿಷಯ. ಕೇಸು ಬಾಕಿ ಇರುವಾಗ “ಭಾಗಿಯಾಗಿಲ್ಲ” ಎಂದು ಪೊಲೀಸರು ಬರೆದುಕೊಡಲಾರರು. ಆದರೆ ರಸ್ತೆಯಲ್ಲಿ ಕೂತದ್ದೂ ಮಗುವಿಗೆ ತೊಂದರೆ ಕೊಟ್ಟದ್ದೂ ಒಂದೇ ಅಲ್ಲ ಎಂದು ತಿಳಿಯದಷ್ಟು ದಡ್ಡರು ಶಾಲೆಯವರೂ ಅಲ್ಲ. ಮುಚ್ಚಿಡಬೇಡಿ. ಎಫ್‌ಐಆರ್ ಪ್ರತಿ ತೆಗೆದಿಡಿ, ಅದೇ ತುಣದಲ್ಲಿ ಡೌನ್‌ಲೋಡ್ ಆಗುತ್ತದೆ. ಯಾವ ಸೆಕ್ಷನ್, ಕೋರ್ಟಿನಲ್ಲಿ ಎಲ್ಲಿಗೆ ಬಂತು, ಒಂದು ಪುಟದಲ್ಲಿ ಬರೆದು ಮೊದಲೇ ಕೊಡಿ. ಆಮೇಲೆ ತಾನಾಗಿ ಹೊರಗೆ ಬಂದರೆ ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡದಾಗುತ್ತದೆ.

ಎಂತ ಅವಸರ — ಮಂಗಳವಾರ, ಸಂಜೆ 6:02

ಟೀಚರ್, ಉತ್ತರಕ್ಕೆ ಥ್ಯಾಂಕ್ಸ್. ಆದರೂ ಕೇಳುತ್ತೇನೆ, ಈ ಕಾಗದದಿಂದ ಒಂದು ಮಗು ಬಚಾವಾದದ್ದು ಉಂಟಾ? ತಪ್ಪು ಮಾಡುವವರಲ್ಲಿ ಹೆಚ್ಚಿನವರ ಮೇಲೆ ಮೊದಲು ಕೇಸೇ ಇರುವುದಿಲ್ಲ.

ಗಡಿನಾಡು ಟೀಚರ್ — ಮಂಗಳವಾರ, ರಾತ್ರಿ 8:45

ಈ ಪ್ರಶ್ನೆ ನ್ಯಾಯವಾದದ್ದು. 2017ರ ಸೆಪ್ಟೆಂಬರ್‌ನಲ್ಲಿ ಹರಿಯಾಣದ ಗುರುಗ್ರಾಮದಲ್ಲಿ ಒಂದು ಶಾಲೆಯ ಶೌಚಾಲಯದಲ್ಲಿ 7 ವರ್ಷದ ಹುಡುಗನ ಕೊಲೆಯಾಯಿತು, ನೆನಪಿರಬಹುದು. ಮೊದಲು ಹಿಡಿದದ್ದು ಸ್ಕೂಲ್ ಬಸ್ಸಿನ ಕಂಡಕ್ಟರನ್ನು. ದೇಶವೆಲ್ಲ ಬೊಬ್ಬೆಯಾಯಿತು. ಕೆಲವೇ ದಿನಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಸುತ್ತೋಲೆ ಕಳಿಸಿತು, ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಿ ಎಂದು. ಆಮೇಲೆ ಸಿಬಿಐ ತನಿಖೆಯಲ್ಲಿ ಕಂಡಕ್ಟರ್ ಮೇಲಿನ ಆರೋಪ ನಿಲ್ಲಲಿಲ್ಲ. ಅದೇ ಶಾಲೆಯ ದೊಡ್ಡ ಕ್ಲಾಸಿನ ಹುಡುಗನ ಮೇಲೆ ಆರೋಪ ಬಂತು.

ಅಂದರೆ ಯಾವ ಘಟನೆಯಿಂದ ಈ ಕಾಗದದ ಓಟ ಜೋರಾಯಿತೋ, ಆ ಘಟನೆಯನ್ನೇ ಈ ಕಾಗದ ತಡೆಯುತ್ತಿರಲಿಲ್ಲ. ನಾನಿದನ್ನು ಸ್ಟಾಫ್ ಮೀಟಿಂಗಿನಲ್ಲಿ ಹೇಳಿ ಬೈಸಿಕೊಂಡಿದ್ದೇನೆ.

ಹಾಗಾದರೆ ಬೇಡವಾ? ಬೇಕು. ಒಂದು ಊರಲ್ಲಿ ಕೇಸು ಮಾಡಿಸಿಕೊಂಡವನು ಇನ್ನೊಂದು ಊರಿನ ಶಾಲೆಗೆ ಸೇರದ ಹಾಗೆ ತಡೆಯಲಿಕ್ಕೆ ಬೇರೆ ಉಪಾಯ ನಮ್ಮ ಕೈಯಲ್ಲಿಲ್ಲ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಲ್ಲೇ ಶುರುವಾಗಿದೆ, ಆದರೆ ಅದನ್ನು ನೋಡುವ ಅಧಿಕಾರ ಇರುವುದು ಪೊಲೀಸರಂಥ ಸಂಸ್ಥೆಗಳಿಗೆ ಮಾತ್ರ. ಹೆಡ್ ಮಾಸ್ಟ್ರು ಕಂಪ್ಯೂಟರಿನಲ್ಲಿ ಹುಡುಕಿ ನೋಡುವ ಹಾಗಿಲ್ಲ. ನಮ್ಮ ಗಡಿ ಜಾಗದಲ್ಲಿ ಇದು ಇನ್ನೂ ಮುಖ್ಯ. ತಲಪಾಡಿ ದಾಟಿದರೆ ಬೇರೆ ರಾಜ್ಯ, ಬೇರೆ ಪೊಲೀಸರು. ಇಲ್ಲಿಯ ಸುದ್ದಿ ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೆಲ್ಬರ್ನ್ ಮಾಂಬಳ — ಬುಧವಾರ, ಬೆಳಗ್ಗೆ 6:10

ಇಲ್ಲಿಂದ ಒಂದು ಅನುಭವ. ನಾನು ನೀರ್ಚಾಲು ಕಡೆಯವಳು, ಈಗ ಮೆಲ್ಬರ್ನ್‌ನಲ್ಲಿ ಚಿಕ್ಕ ಮಕ್ಕಳ ಪಾಲನೆ, ಶಿಕ್ಷಣದ ಕೋರ್ಸ್ ಮಾಡಿದ್ದೇನೆ. ಕಾಲೇಜಿನಲ್ಲಿ ಮೊದಲ ವಾರವೇ ಹೇಳಿದ್ದು, “ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಆಗದೆ ಪ್ಲೇಸ್‌ಮೆಂಟ್ ಇಲ್ಲ.” ಮಕ್ಕಳ ಜೊತೆ ಕೆಲಸ ಮಾಡುವವರ ಪರಿಶೀಲನೆ ಅದು, ಇಲ್ಲಿಯ ವಿಕ್ಟೋರಿಯಾ ರಾಜ್ಯದ್ದು. ವಿದ್ಯಾರ್ಥಿಗಳು ಪ್ಲೇಸ್‌ಮೆಂಟಿಗೆ ಹೋಗುವಾಗ ಸ್ವಯಂಸೇವಕರ ಲೆಕ್ಕ, ಫೀಸಿಲ್ಲ. ಸಂಬಳದ ಕೆಲಸಕ್ಕೆ ಸೇರುವಾಗ ದುಡ್ಡು ಕಟ್ಟಿ ಬದಲಾಯಿಸಬೇಕು. ಐದು ವರ್ಷ ಇರುತ್ತದೆ.

ನಮ್ಮೂರಿನ ಕಾಗದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದುಂಟು. ನಮ್ಮದು ಆ ದಿನದ ಫೋಟೋ. ಸರ್ಟಿಫಿಕೇಟ್ ಬಂದ ಮರುದಿನ ಕೇಸಾದರೂ ಕಾಗದ ಹಾಗೇ ಇರುತ್ತದೆ. ಇಲ್ಲಿ ಕಾರ್ಡ್ ಇರುವಷ್ಟು ಕಾಲ ಹೆಸರನ್ನು ಗಮನಿಸುತ್ತಾ ಇರುತ್ತಾರೆ. ನಾವು ಯಾವ ಸಂಸ್ಥೆಯಲ್ಲಿದ್ದೇವೆ ಎಂದೂ ಅವರಿಗೆ ತಿಳಿಸಿರಬೇಕು. ಗಂಭೀರ ಆರೋಪ ಬಂದರೆ ಕಾರ್ಡ್ ರದ್ದಾಗಬಹುದು, ಸಂಸ್ಥೆಗೂ ತಿಳಿಸುತ್ತಾರೆ. ಇನ್ನೊಂದು ರಾಜ್ಯ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2020ರಿಂದ “ಕಾರ್ಡಿಲ್ಲದೆ ಕೆಲಸ ಶುರುವಿಲ್ಲ” ಎಂಬ ಕಾನೂನೇ ಉಂಟು. ಅರ್ಜಿ ಹಾಕಿದ್ದೇನೆ ಎಂದರೆ ಸಾಲದು.

ಇಷ್ಟೆಲ್ಲ ಇದ್ದೂ 2025ರ ಜುಲೈನಲ್ಲಿ ಇಲ್ಲಿ ದೊಡ್ಡ ಸುದ್ದಿಯಾಯಿತು. ಡೇಕೇರ್ ನೌಕರನೊಬ್ಬನ ಮೇಲೆ 70ಕ್ಕೂ ಜಾಸ್ತಿ ಆರೋಪ. ಅವನ ಹತ್ತಿರ ಸರಿಯಾದ ಕಾರ್ಡ್ ಇತ್ತು. ಅವನು ಕೆಲಸ ಮಾಡಿದ ಕಡೆಯ ಸುಮಾರು 1,200 ಮಕ್ಕಳಿಗೆ ಆರೋಗ್ಯ ಪರೀಕ್ಷೆ ಮಾಡಿಸಿ ಎಂದು ಸರಕಾರ ಹೇಳಿತು. ಆ ವಾರ ನಮ್ಮ ಸೆಂಟರಿಗೆ ಬಂದ ಅಪ್ಪ ಅಮ್ಮಂದಿರ ಮುಖ ನೋಡಲಿಕ್ಕಾಗುತ್ತಿರಲಿಲ್ಲ. ಒಬ್ಬಳು ನನ್ನ ಕೈ ಹಿಡಿದು ಸುಮ್ಮನೆ ನಿಂತಳು, ಮಾತಾಡಲಿಲ್ಲ.

ಹೊರದೇಶಕ್ಕೆ ಬರುವವರಿಗೆ ಒಂದು ಮಾತು. ಇಲ್ಲಿಯ ಚೆಕ್ ಬೇರೆ, ವೀಸಾಕ್ಕೆ ಕೇಳುವ ಭಾರತದ ಪಿಸಿಸಿ ಬೇರೆ. ಅದಕ್ಕೆ ಮಾತ್ರ ಚಂದ್ರಗಿರಿ ಅಣ್ಣ ಹೇಳಿದ ಪಾಸ್‌ಪೋರ್ಟ್ ದಾರಿ. ನಮ್ಮ ಜಿಲ್ಲೆ ಕೋಝಿಕ್ಕೋಡ್ ಪಾಸ್‌ಪೋರ್ಟ್ ಆಫೀಸಿನ ಕೆಳಗೆ ಬರುತ್ತದೆ.

ಬೆಳಗಿನ ಪ್ಯಾಸೆಂಜರ್ — ಗುರುವಾರ, ರಾತ್ರಿ 9:50

ಅರ್ಜಿ ಹಾಕಲಿಕ್ಕೆ ಕೂತೆ. ಅಲ್ಲಿಗೇ ಮೊದಲ ಕಲ್ಲು. ಎಸ್ಸೆಸ್ಸೆಲ್ಸಿ ಬುಕ್‌ನಲ್ಲಿ ಹೆಸರಿನ ಹಿಂದೆ ಒಂದೇ ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಕಾಲೇಜಿನ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಮನೆ ಹೆಸರು ಆಧಾರ್‌ನಲ್ಲಿ ಮಲಯಾಳಂ ಉಚ್ಚಾರಕ್ಕೆ ತಿರುಗಿ ಬೇರೆಯೇ ಮನೆಯ ಹಾಗೆ ಕಾಣುತ್ತದೆ. ರೇಷನ್ ಕಾರ್ಡಿನಲ್ಲಿ ಮೂರನೇ ಥರ. ಅಪ್ಪ ಹೇಳಿದರು, “ಒಂದೇ ಮನೆ, ಬಾಗಿಲು ಮೂರು.”

ಅಕ್ಷಯಕ್ಕ — ಗುರುವಾರ, ರಾತ್ರಿ 10:20

ಇದು ನಮ್ಮ ಜಿಲ್ಲೆಯ ಹಳೇ ರೋಗ ತಂಗೀ. ಹೆಸರು ಕನ್ನಡದ್ದು, ಬರೆಸುವವರು ತುಳುವಿನಲ್ಲಿ ಹೇಳುವುದು, ಬರೆಯುವವರು ಮಲಯಾಳಂ ಕಿವಿಯಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೊಡೆಯುವುದು. ಹವ್ಯಕರ ಮನೆ ಹೆಸರು, ಕೊಂಕಣಿ ಅಡ್ಡಹೆಸರು, ಬ್ಯಾರಿ ಮನೆ ಹೆಸರು, ಎಲ್ಲವೂ ಹೀಗೇ ಹಾಳಾಗುವುದು. ಒಂದೇ ಊರನ್ನು ಒಂದು ಕಡೆ ಕುಂಬಳೆ, ಇನ್ನೊಂದು ಕಡೆ ಕುಂಬ್ಲ ಎಂದು ಹಾಕಿರುತ್ತಾರೆ.

ಈಗ ಆಧಾರ್ ತಿದ್ದಲಿಕ್ಕೆ ಹೋದರೆ ಇಂಟರ್ನ್‌ಶಿಪ್ ಮುಗಿದೇ ಹೋದೀತು. ಅರ್ಜಿಯಲ್ಲಿ ಹೆಸರು, ವಿಳಾಸ ಎರಡನ್ನೂ ಆಧಾರ್‌ನಲ್ಲಿ ಇರುವ ಹಾಗೇ ಹಾಕಿ, ಒಂದಕ್ಷರ ಅತ್ತಿತ್ತ ಬೇಡ. ಕಾಲೇಜಿನಿಂದ ಆಧಾರ್‌ನ ಹೆಸರಿಗೆ ಸರಿಯಾಗಿ ಹೊಸ ಪತ್ರ ತೆಗೆದುಕೊಳ್ಳಿ, ಅದು ಒಂದು ದಿನದ ಕೆಲಸ. ಎಸ್ಸೆಸ್ಸೆಲ್ಸಿ ಬುಕ್‌ನ ಪ್ರತಿ ಬ್ಯಾಗಿನಲ್ಲಿರಲಿ. ಠಾಣೆಯಿಂದ ಕೇಳಿದರೆ ಇಬ್ಬರೂ ಒಬ್ಬಳೇ ಎಂದು ತೋರಿಸಲಿಕ್ಕೆ.

ಮತ್ತೆ, ಅರ್ಜಿಯಲ್ಲಿ ನಿಮ್ಮ ಕೈಯಲ್ಲಿರುವ ಫೋನ್ ನಂಬರೇ ಕೊಡಿ. ಅಪ್ಪನ ನಂಬರ್ ಕೊಟ್ಟು, ಅಪ್ಪ ತೋಟದಲ್ಲಿದ್ದು ಠಾಣೆಯ ಕಾಲ್ ತಪ್ಪಿ, ಅರ್ಜಿ ಹಾಗೇ ಬಾಕಿಯಾದ ಕೇಸು ನನ್ನ ಹತ್ತಿರವೇ ಮೂರುಂಟು.

ಪಿಟಿಎ ಅಪ್ಪ — ಶುಕ್ರವಾರ, ಮಧ್ಯಾಹ್ನ 1:15

ಎರಡು ಹೆಣ್ಣುಮಕ್ಕಳ ಅಪ್ಪ ನಾನು. ಬಿ.ಎಡ್. ಹುಡುಗಿಯರ ಕಾಗದ ನೋಡುವುದಕ್ಕೆ ನನ್ನ ವಿರೋಧ ಇಲ್ಲ. ಆದರೆ ನನ್ನ ಮಕ್ಕಳು ಬೆಳಗ್ಗೆ ಹೋಗುವುದು ಆಟೋದಲ್ಲಿ. ಅವನನ್ನು ಗೊತ್ತು ಮಾಡಿದ್ದು ನಾವು ಐದು ಮನೆಯವರು, ಶಾಲೆಯಲ್ಲ. ಸಂಜೆ ಟ್ಯೂಷನ್. ಭಾನುವಾರ ಯಕ್ಷಗಾನದ ಕ್ಲಾಸು. ಇವರ ಯಾರ ಕಾಗದವನ್ನೂ ನಾನು ಕೇಳಿಲ್ಲ. ಕೇಳಿದರೆ ಎಂತ ಅಂದುಕೊಂಡಾರೋ ಎಂಬ ನಾಚಿಕೆ. ಶಾಲೆಯವರಿಗೆ ಇಲ್ಲದ ನಾಚಿಕೆ ನನಗೆ ಯಾಕೆ ಎಂದು ಈ ಚರ್ಚೆ ಓದಿದ ಮೇಲೆ ಯೋಚಿಸುತ್ತಿದ್ದೇನೆ.

ಮಕ್ಕಳ ಮೇಳ — ಶುಕ್ರವಾರ, ರಾತ್ರಿ 8:30

ಪಿಟಿಎ ಅಪ್ಪ, ನಾವು ಯಕ್ಷಗಾನ ಕ್ಲಾಸ್ ನಡೆಸುವವರು. ನಿಮ್ಮ ಮಕ್ಕಳು ಬರುವುದು ನಮ್ಮಲ್ಲಿಗೇ ಆಗಿರಬಹುದು, ಬೇರೆ ಕಡೆಯೂ ಇರಬಹುದು. ಓದಿ ಮೊದಲು ಸಿಟ್ಟು ಬಂತು. ಗುರುಗಳ ಕಾಗದ ಕೇಳುವುದು ಎಂದರೇನು? ಮೂವತ್ತು ವರ್ಷದಿಂದ ಹೆಜ್ಜೆ ಹೇಳಿಕೊಡುವವರು.

ಆಮೇಲೆ ಟೀಚರ್ ಬರೆದದ್ದನ್ನು ಇನ್ನೊಮ್ಮೆ ಓದಿದೆ. ಮಕ್ಕಳು ಬಂದು ಹೋಗುವ ಯಾವುದೇ ಜಾಗ ಎಂದುಂಟಲ್ಲ. ನಮ್ಮದೂ ಅದೇ ಅಲ್ವಾ? ನಮ್ಮಲ್ಲಿ ಮಕ್ಕಳಿಗೆ ವೇಷ ಕಟ್ಟುವುದುಂಟು, ಬಣ್ಣ ಹಾಕುವುದುಂಟು, ಆಟ ಮುಗಿಯುವಾಗ ಮಧ್ಯರಾತ್ರಿ. ಮೈಮುಟ್ಟದೆ ವೇಷ ಕಟ್ಟಲಿಕ್ಕಾಗುವುದಿಲ್ಲ. ಶಾಲೆಗಿಂತ ನಮಗೇ ಜಾಸ್ತಿ ಎಚ್ಚರ ಬೇಕು. ಹುಡುಗಿಯರ ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ಒಬ್ಬರು ತಾಯಿ ಇರಲೇಬೇಕು ಎಂಬ ಕ್ರಮ ನಾವು ಇಟ್ಟುಕೊಂಡಿದ್ದೇವೆ. ಹುಡುಗರ ಚೌಕಿಗೆ ಅಂಥದ್ದೇನೂ ಇಲ್ಲ. ಯಾಕಿಲ್ಲ ಎಂದು ಈಗ ನನ್ನನ್ನೇ ಕೇಳಿಕೊಂಡರೆ ಉತ್ತರ ಹೊಳೆಯುವುದಿಲ್ಲ.

ಗಡಿನಾಡು ಟೀಚರ್ — ಶುಕ್ರವಾರ, ರಾತ್ರಿ 9:05

ಹುಡುಗರ ಮಾತು ತೆಗೆದದ್ದು ಒಳ್ಳೆಯದಾಯಿತು. ಪೋಕ್ಸೋದಲ್ಲಿ ಮಗು ಎಂದರೆ 18 ತುಂಬದ ಯಾರೂ ಆಗಬಹುದು, ಗಂಡು ಹೆಣ್ಣು ಎಂಬ ವ್ಯತ್ಯಾಸ ಇಲ್ಲ.

ಬೆಳಗಿನ ಪ್ಯಾಸೆಂಜರ್ — ಬುಧವಾರ, ರಾತ್ರಿ 9:33

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಸರ್ಟಿಫಿಕೇಟ್ ಬಂತು!

ಠಾಣೆಯಿಂದ ಒಂದು ದಿನ ಫೋನ್ ಬಂತು, ಅಪ್ಪನ ಜೊತೆ ಹೋದೆ. ಮಲಯಾಳಂನಲ್ಲಿ ಕೇಳಿದರು, ನಾನು ಅರ್ಧ ಮಲಯಾಳಂ ಅರ್ಧ ಕನ್ನಡದಲ್ಲಿ ಹೇಳಿದೆ. ಅಲ್ಲಿದ್ದ ಮಹಿಳಾ ಪೊಲೀಸ್ “ನಿಂಗೆ ತುಳು ಬರ್ಪುಂಡಾ?” ಎಂದು ಕೇಳಿದ್ದೇ ನನ್ನ ಹೆದರಿಕೆ ಹೋಯಿತು. ಹೆಸರಿನ ಗೊಂದಲ ಕೇಳಿದರು. ಬ್ಯಾಗಿನಿಂದ ಎಸ್ಸೆಸ್ಸೆಲ್ಸಿ ಬುಕ್ ತೆಗೆದೆ. ಅಕ್ಷಯಕ್ಕ, ನಿಮಗೊಂದು ಬೊಂಡ ಬಾಕಿ ಉಂಟು ನನ್ನದು. ಅಜ್ಜಿ ಆ ಕಾಗದವನ್ನು ದೇವರ ಮುಂದೆ ಇಟ್ಟು ತೆಗೆದರು.

ಹಾಸ್ಟೆಲ್ ವರ್ಷದ ಬಗ್ಗೆ ಕೇಳಿದೆ, ಕೇರಳದ್ದೇ ಸಾಕು ಎಂದು ಹೆಡ್ ಮಾಸ್ಟ್ರು ವಾಟ್ಸಾಪ್ ಮಾಡಿದ್ದಾರೆ. ಅವರು ಇನ್ನೊಂದು ಕಾಗದಕ್ಕೂ ಸಹಿ ಹಾಕಿಸಿಕೊಂಡರು. ಒಂದೇ ಮಗುವಿನ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇರಬಾರದು. ಮಕ್ಕಳ ಫೋಟೋ ನನ್ನ ಫೋನಿನಲ್ಲಿ ತೆಗೆಯಬಾರದು. ಮಕ್ಕಳಿಗೆ ನನ್ನ ನಂಬರ್ ಕೊಡಬಾರದು. ಹೊಡೆಯುವ ಮಾತೇ ಇಲ್ಲ. ಪಾಠದ ವಿಡಿಯೋ ಕಾಲೇಜಿಗೆ ಕಳಿಸಬೇಕಲ್ಲ ಎಂದರೆ, ಶಾಲೆಯ ಕ್ಯಾಮೆರಾದಲ್ಲಿ ತೆಗೆದು, ಮಕ್ಕಳ ಮುಖ ಕಾಣದ ಹಾಗೆ ಹಿಂದಿನಿಂದ ಎಂದರು.

ಒಂದೇ ಒಂದು ಹೆದರಿಕೆ ಉಳಿದಿದೆ. ಯಾವುದಾದರೂ ಮಗು ನನ್ನ ಹತ್ತಿರ ಬಂದು ಏನಾದರೂ ಹೇಳಿದರೆ? ಬಿ.ಎಡ್.ನಲ್ಲಿ ಪಾಠ ಯೋಜನೆ ಬರೆಯಲಿಕ್ಕೆ ಕಲಿಸಿದ್ದಾರೆ, ಇದನ್ನು ಕಲಿಸಿಲ್ಲ.

ಗಡಿನಾಡು ಟೀಚರ್ — ಬುಧವಾರ, ರಾತ್ರಿ 10:10

ಅಭಿನಂದನೆ ಮಗಾ. ಈ ಪ್ರಶ್ನೆ ಕೇಳಿದ್ದಕ್ಕೆ ಸರ್ಟಿಫಿಕೇಟಿಗಿಂತ ಜಾಸ್ತಿ ಖುಷಿಯಾಯಿತು.

ಮಗು ಹೇಳಲಿಕ್ಕೆ ಶುರುಮಾಡಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳು. “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡಬೇಡ, ಆ ಮಾತು ಉಳಿಸಲಿಕ್ಕೆ ನಿನ್ನಿಂದಾಗುವುದಿಲ್ಲ. “ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ” ಅನ್ನು. ಕೆದಕಿ ಕೆದಕಿ ಕೇಳಬೇಡ. ಯಾರು, ಎಲ್ಲಿ, ಎಷ್ಟು ಸಲ ಎಂದು ನೀನು ಕೇಳಿ, ಆಮೇಲೆ ಹೆಡ್ ಮಾಸ್ಟ್ರು ಕೇಳಿ, ಆಮೇಲೆ ಪಿಟಿಎ ಕೇಳಿದರೆ ಮಗು ಬಾಯಿ ಮುಚ್ಚಿಬಿಡುತ್ತದೆ. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡು. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆ. ನಿನ್ನ ಕನ್ನಡಕ್ಕೆ ತಿರುಗಿಸಬೇಡ.

ಆಮೇಲೆ ಹೆಡ್ ಮಾಸ್ಟ್ರಿಗೆ ಅದೇ ದಿನ ತಿಳಿಸು. ಅಲ್ಲಿಗೆ ನಿನ್ನ ಜವಾಬ್ದಾರಿ ಮುಗಿಯಿತು ಎಂದುಕೊಳ್ಳಬೇಡ. ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಬೇಕು. ಇಂಟರ್ನ್ ಎಂದು ವಿನಾಯಿತಿ ಇಲ್ಲ. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲಾಗಬಹುದು. ತನ್ನ ಕೈಕೆಳಗಿನವರ ತಪ್ಪನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ, ಅದೂ ಅದೇ ಸೆಕ್ಷನ್‌ನಲ್ಲೇ ಉಂಟು. ಎಲ್ಲಿಗೆ ಹೋಗುವುದು ಎಂದು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು.

ಮಗುವನ್ನು ಠಾಣೆಗೆ ಎಳೆದುಕೊಂಡು ಹೋಗಬೇಕಾಗಿಲ್ಲ. ಹೇಳಿಕೆ ಪಡೆಯಲಿಕ್ಕೆ ಪೊಲೀಸರೇ ಮನೆಗೋ ಮಗುವಿಗೆ ಇಷ್ಟವಾದ ಜಾಗಕ್ಕೋ ಬರಬೇಕು, ಯೂನಿಫಾರ್ಮ್ ಇಲ್ಲದೆ. ಇದನ್ನು ತಂದೆತಾಯಿಗೆ ಮೊದಲೇ ಹೇಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ. ಮಗುವಿನ ಹೆಸರು ಸ್ಟಾಫ್ ರೂಮಿನ ಚಹಾದ ಜೊತೆ ಹೊರಗೆ ಹೋಗದ ಹಾಗೆ ನೋಡಿಕೊ. ನಮ್ಮ ಊರುಗಳು ಚಿಕ್ಕವು. ಹೆಸರು ಬೇಡ, “ಆ ಗುಡ್ಡೆಯ ಮೇಲಿನ ಮನೆ” ಎಂದರೆ ಸಾಕು, ಸಂಜೆಯೊಳಗೆ ಪೇಟೆಯಲ್ಲಿ ಗೊತ್ತಾಗುತ್ತದೆ.

ಎಂತ ಅವಸರ — ಬುಧವಾರ, ರಾತ್ರಿ 10:41

ಟೀಚರ್, ಎಫ್‌ಐಆರ್ ತೆಗೆದೆ. ಕೋರ್ಟಿನ ಮುಂದಿನ ತಾರೀಕೂ ನೋಡಿದೆ. ವಕೀಲರ ಹತ್ತಿರ ಶನಿವಾರ ಹೋಗುತ್ತೇನೆ. ಒಂದು ಪುಟ ಬರೆದಿದ್ದೇನೆ, ನಿಮಗೆ ಕಳಿಸಲಾ? ಸಿಟ್ಟಿನಲ್ಲಿ ಬರೆದ ಹಾಗೆ ಕಾಣುತ್ತದೆ ಎಂದು ಅಕ್ಕ ಹೇಳುತ್ತಾಳೆ.

ಗಡಿನಾಡು ಟೀಚರ್ — ಬುಧವಾರ, ರಾತ್ರಿ 10:44

ಕಳಿಸು. ಕೆಂಪು ಪೆನ್ನು ಸಿದ್ಧ ಉಂಟು.

ಮಕ್ಕಳ ಮೇಳ — ಗುರುವಾರ, ಬೆಳಗ್ಗೆ 8:20

ಅಕ್ಷಯಕ್ಕ, ಈ ಶನಿವಾರ ನಿಮ್ಮ ಕೇಂದ್ರ ತೆರೆದಿರುತ್ತದಾ? ನಾನು, ಹೆಜ್ಜೆ ಹೇಳಿಕೊಡುವ ಗುರುಗಳು, ಬಣ್ಣದವರು, ಮೂರು ಜನ ಬರುತ್ತೇವೆ. ಮೊದಲು ಹೇಳಿದ್ದೇ ಗುರುಗಳಿಗೆ. ಬೈಯುತ್ತಾರೆ ಎಂದುಕೊಂಡಿದ್ದೆ. “ನನ್ನದು ಮೊದಲು ಮಾಡಿಸು, ಆಮೇಲೆ ಉಳಿದವರು ಮಾತಾಡುವುದಿಲ್ಲ” ಅಂದರು. ಒಂದು ತೊಂದರೆ, ಆಧಾರ್‌ನಲ್ಲಿ ಅವರ ಹೆಸರು ಬೇರೆಯೇ ಉಂಟು. ಊರಲ್ಲಿ ಕರೆಯುವ ಹೆಸರು ಯಾವ ಕಾಗದದಲ್ಲೂ ಇಲ್ಲ.

ಅಕ್ಷಯಕ್ಕ — ಗುರುವಾರ, ಬೆಳಗ್ಗೆ 9:02

ತೆರೆದಿರುತ್ತದೆ. ಹತ್ತು ಗಂಟೆಯ ಮೊದಲು ಬನ್ನಿ, ಆಮೇಲೆ ರಶ್. ಗುರುಗಳು ಎಸ್ಸೆಸ್ಸೆಲ್ಸಿ ಬುಕ್ ತರಲಿ. ಶಾಲೆಗೆ ಅಷ್ಟು ದೂರ ಹೋದವರಲ್ಲ ಎಂದಾದರೆ ವೋಟರ್ ಐಡಿ, ರೇಷನ್ ಕಾರ್ಡ್ ಎರಡೂ ತರಲಿ, ಕೂತು ನೋಡುವ.